ನಾಲ್ಕನೇ ಸಾಲು

ಏಪ್ರಿಲ್ ೧೧, ಶನಿವಾರ
ಮನೆಯಿಂದ

ನನ್ನ ಮೊಂಡಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಕೈಸೇರಿತು. ಎರಡೇ ಸಾಲು. ನಿನ್ನನ್ನು ಬೆಟ್ಟದ ರೇಡಾರ್ ಕೆಲಸದಿಂದ ಇಳಿಸಿದ್ದು ನನ್ನ ಹೇಳಿಕೆಯಿಂದ ಅಂತ ನಿನಗೆ ಈಗ ಗೊತ್ತಾಗಿದೆ, ಅದರಲ್ಲಿ ನಿನ್ನ ಹೆಸರು ಯಾಕೆ ಬರೆದೆ ಅಂತ ಕೇಳಿದ್ದೀಯ. ಕೆಳಗೆ ಸಹಿ ಇಲ್ಲ. ಲಕೋಟೆಯ ಮೇಲೆ ಮಾತ್ರ ನನ್ನ ಪೂರ್ತಿ ಹೆಸರು, ಮೊದಲಿಗೆ 'ಶ್ರೀಮತಿ' ಸೇರಿಸಿ, ಯಾವುದೋ ಕಚೇರಿಗೆ ಬರೆದ ಹಾಗೆ. ನಾಲ್ಕು ದಿನ ಆ ಕಾಗದವನ್ನು ಅಡುಗೆಮನೆಯ ಡಬ್ಬಗಳ ಹಿಂದೆ ಇಟ್ಟಿದ್ದೆ. ಇವತ್ತು ತೆಗೆದು, ಊಟದ ಮೇಜು ಒರೆಸಿ, ಕೂತಿದ್ದೇನೆ.

ನನ್ನ ಆರೋಗ್ಯ ಚೆನ್ನಾಗಿದೆ. ಕಣ್ಣೂ ಚೆನ್ನಾಗಿದೆ. ಕಣ್ಣು ಮಂಜಾಯಿತು, ಅದಕ್ಕೆ ಕೆಲಸ ಬಿಟ್ಟೆ ಅಂತ ಹೇಳಿದ್ದೆನಲ್ಲ, ಅದು ಸುಳ್ಳು. ಚಿಕ್ಕದನ್ನು ಮೊದಲು ಹೇಳಿ ಮುಗಿಸಿದ್ದೇನೆ. ದೊಡ್ಡವು ಮುಂದಿವೆ.

ನೀನು ಎಂಟು ವರ್ಷದವಳಿದ್ದಾಗ, ನಿನ್ನಪ್ಪ ತೀರಿಕೊಂಡ ವರ್ಷ, ನಾನು ಆ ಕೆಲಸಕ್ಕೆ ಸೇರಿದೆ. ಏನು ಕೆಲಸ ಅಂತ ನೀನು ಕೇಳಿದಾಗೆಲ್ಲ ಫೈಲು ನೋಡುವುದು ಅನ್ನುತ್ತಿದ್ದೆ. ಶಾಲೆಯಲ್ಲಿ 'ನನ್ನ ಅಮ್ಮ' ಅಂತ ಪ್ರಬಂಧ ಬರೆಯಲು ಹೇಳಿದಾಗ ನೀನು, ನನ್ನ ಅಮ್ಮ ಇಡೀ ದಿನ ಫೈಲನ್ನು ನೋಡುತ್ತಾಳೆ, ಫೈಲೂ ಅವಳನ್ನು ನೋಡುತ್ತದೆ ಅಂತ ಬರೆದಿದ್ದೆ. ನಿನ್ನ ಮೇಡಂ ಅದನ್ನು ಓದಿ ನಕ್ಕಿದ್ದರು. ನಾನು ನಗಲಿಲ್ಲ, ಯಾಕೆಂದರೆ ಹೆಚ್ಚುಕಡಿಮೆ ಅದೇ ನಿಜ.

ನಮ್ಮ ದೇಶಕ್ಕೂ ಗಡಿಯ ಆಚೆಯವರಿಗೂ ನಡುವೆ ಒಂದು ನೇರ ಸಂಪರ್ಕ ಇದೆ. ಫೋನಲ್ಲ, ಬರಹ ಮಾತ್ರ. ಮಾತಾಡಿದರೆ ಸಿಟ್ಟು ಬರುತ್ತದೆ, ಬರೆದರೆ ಒಂದು ಗಳಿಗೆ ಯೋಚಿಸುತ್ತಾರೆ ಅಂತ ಹಿಂದಿನವರು ಹಾಗೆ ಮಾಡಿದ್ದು. ಎರಡು ಕಡೆಯೂ ಅಣ್ವಸ್ತ್ರ ಇರುವಾಗ ಆ ಒಂದು ಗಳಿಗೆ ಬೇಕಾಗುತ್ತದೆ. ಅವರು ಅವರ ಭಾಷೆಯಲ್ಲಿ ಬರೆಯುತ್ತಾರೆ, ನಾವು ನಮ್ಮ ಭಾಷೆಯಲ್ಲಿ. ಅವರದು ಬಂದರೆ ಅನುವಾದ ಮಾಡಿ ಮೇಲಿನವರಿಗೆ ಕೊಡುವುದು ನನ್ನ ಕೆಲಸ. ನಿನ್ನ ಅಜ್ಜಿ, ನನ್ನ ಅಮ್ಮ, ಮದುವೆಯಾಗಿ ಆ ಕಡೆಯಿಂದ ಬಂದವಳು, ಅಡುಗೆ ಮಾಡುವಾಗ ಆ ಭಾಷೆಯಲ್ಲೇ ನಮ್ಮನ್ನು ಬೈಯುತ್ತಿದ್ದಳು. ಹಾಗೆ ಕಲಿತದ್ದು ನನಗೆ ಅನ್ನ ಕೊಟ್ಟಿತು.

ಕಿಟಕಿಯಿಲ್ಲದ ಕೋಣೆ. ಎರಡು ಯಂತ್ರ, ಎರಡು ಕುರ್ಚಿ, ಒಂದು ದಾಖಲೆ ಪುಸ್ತಕ. ಎರಡನೇ ಕುರ್ಚಿಯಲ್ಲಿ ಇನ್ನೊಬ್ಬ ಅನುವಾದಕರು. ಅವರಿಗೆ ನಾವೆಲ್ಲ ಪಂಡಿತರು ಅಂತಲೇ ಅನ್ನುವುದು, ಯಾಕೆಂದರೆ ಯಾವ ಪದ ಕೇಳಿದರೂ ನಿಘಂಟಿನ ಪುಟದ ಸಂಖ್ಯೆ ಹೇಳುತ್ತಾರೆ, ಅರ್ಥ ಹೇಳುವುದು ಆಮೇಲೆ. ದಿನವೂ ಬೆಳಿಗ್ಗೆ ಹತ್ತಕ್ಕೆ ಸಂಪರ್ಕ ಸರಿಯಿದೆಯೇ ಅಂತ ಪರೀಕ್ಷೆ. ಅವರು ಒಂದು ಪುಟ ಕಳಿಸುತ್ತಾರೆ, ನಾವು ಒಂದು ಪುಟ. ರಾಜಕೀಯ ಇರಬಾರದು, ಸ್ವಂತ ವಿಷಯ ಇರಬಾರದು. ಹಾಗಾಗಿ ಹತ್ತೊಂಬತ್ತು ವರ್ಷ ಛತ್ರಿಯ ಕಡ್ಡಿ ಬದಲಿಸುವುದು ಹೇಗೆ, ಆಮೆಯ ಆಯಸ್ಸು ಎಷ್ಟು, ಉಣ್ಣೆ ಬಟ್ಟೆ ಒಗೆಯುವ ಕ್ರಮ, ಇಂಥವನ್ನೇ ಎರಡು ಸರ್ಕಾರಗಳು ಒಂದಕ್ಕೊಂದು ಗುಟ್ಟಾಗಿ ಬರೆದುಕೊಂಡಿವೆ.

ಆ ಕಡೆ ಕೂತು ಬರೆಯುವವರಲ್ಲಿ ಒಬ್ಬರ ಕೈ ನನಗೆ ಗುರುತಾಗುತ್ತಿತ್ತು. ಹೆಂಗಸು ಅಂತ ನನ್ನ ಊಹೆ. ಎಲ್ಲಿ ಬೇಕೋ ಬೇಡವೋ ಅಲ್ಲೆಲ್ಲ ಅಲ್ಪವಿರಾಮ ಹಾಕುವವಳು. "ಆಮೆ, ಆರೋಗ್ಯವಾಗಿದ್ದರೆ, ನೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ಬದುಕುತ್ತದೆ." ಪಂಡಿತರಿಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ನಾನು ಅವಳಿಗೆ ಅಲ್ಪವಿರಾಮ ಅಂತಲೇ ಹೆಸರಿಟ್ಟೆ. ಅವಳ ಮುಖ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಅವಳಿಗೆ ಯಾವ ದಿನ ರಜೆ, ಯಾವ ದಿನ ನೆಗಡಿ ಅಂತ ಮಾತ್ರ ಗೊತ್ತಾಗುತ್ತಿತ್ತು. ಇಷ್ಟನ್ನು ನಿನಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಿನಗೆ ಬೆಟ್ಟದ ಕೆಲಸ ಸಿಕ್ಕಿತು ಅಂತ ನೀನು ಓಡಿ ಬಂದ ದಿನ ನೆನಪಿದೆಯಾ? ಬೂಟು ಸಹ ಬಿಚ್ಚದೆ ಮೇಜಿನ ಮುಂದೆ ನಿಂತು ತಟ್ಟೆ, ಲೋಟ, ಚಮಚ ಜೋಡಿಸಿ ತೋರಿಸಿದೆ. ಲೋಟ ಅವರ ಕ್ಷಿಪಣಿ, ಚಮಚ ನಮ್ಮದು, ಲೋಟ ಬರುತ್ತಿದ್ದ ಹಾಗೆ ಚಮಚ ಹೋಗಿ ಆಕಾಶದಲ್ಲೇ ಹೊಡೆಯುತ್ತದೆ. "ಇದು ಯಾರನ್ನೂ ಕೊಲ್ಲಲ್ಲ ಅಮ್ಮ. ಬರೋದನ್ನ ತಡೆಯುತ್ತೆ, ಅಷ್ಟೇ" ಅಂದೆ. ನಾನು ಲೋಟ ಎತ್ತಿಟ್ಟು, ಊಟ ಮಾಡು ಅಂದೆ. ನಿನಗೆ ಬೇಜಾರಾಯಿತು. ನನ್ನ ಖುಷಿ ಇವಳಿಗೆ ಬೇಡ ಅಂದುಕೊಂಡೆ.

ಆ ಹೊತ್ತಿಗೆ ಆ ಕಡೆಯಿಂದ ಬಂದ ಮೂರು ಪ್ರತಿಭಟನೆಯ ಪತ್ರಗಳನ್ನು ನಾನು ಅನುವಾದ ಮಾಡಿದ್ದೆ, ಮೊಂಡಿ. ಅವರ ಮೇಜಿನ ಮೇಲೆ ಅದೇ ತಟ್ಟೆ ಲೋಟ ಬೇರೆ ಥರ ಕೂತಿದ್ದವು. ಬೆಟ್ಟದ ಮೇಲೆ ಕ್ಷಿಪಣಿ ಹಾರಿಸುವ ಆ ಕೊಳವೆಗಳಲ್ಲಿ ಇವತ್ತು ತಡೆಯುವ ಕ್ಷಿಪಣಿ ಇದೆ, ನಾಳೆ ಹೊಡೆಯುವುದನ್ನು ತುಂಬಿದರೆ ನಮಗೆ ಹೇಗೆ ಗೊತ್ತಾಗಬೇಕು ಅಂತ ಮೊದಲನೆಯದರಲ್ಲಿ. ನಿಮ್ಮ ರೇಡಾರ್ ಬೆಟ್ಟದ ಮೇಲಿಂದ ನಮ್ಮ ಕ್ಷಿಪಣಿ ಶೆಡ್ಡಿನ ಬಾಗಿಲವರೆಗೂ ನೋಡುತ್ತದೆ ಅಂತ ಎರಡನೆಯದರಲ್ಲಿ. ಮೂರನೆಯದು ಚಿಕ್ಕದು. ಇಷ್ಟು ವರ್ಷ ಇಬ್ಬರೂ ಸುಮ್ಮನಿದ್ದದ್ದು, ಹೊಡೆದವನಿಗೂ ಉಳಿಗಾಲವಿಲ್ಲ ಅನ್ನುವ ಕಾರಣಕ್ಕೆ. ನಮ್ಮ ತಿರುಗೇಟನ್ನು ನೀವು ತಡೆಯಬಲ್ಲಿರಾದರೆ ಮೊದಲು ಹೊಡೆಯಲು ನಿಮಗೆ ಇನ್ನು ಯಾವ ಭಯ, ಅಂತ. ನೀನು ಹೇಳಿದ್ದು ತಪ್ಪಲ್ಲ. ಅವರು ಬರೆದದ್ದೂ ಪೂರ್ತಿ ತಪ್ಪಲ್ಲ. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ನಿನಗೆ ಅನ್ನ ಬಡಿಸುವುದು ನನಗೆ ಆ ದಿನ ಕಷ್ಟವಾಯಿತು. ಅದನ್ನು ಹೇಳುವ ಹಾಗಿರಲಿಲ್ಲ.

ಈಗ ಆಗಸ್ಟ್ ತಿಂಗಳಿಗೆ ಬರುತ್ತೇನೆ. ನಿಮ್ಮ ಬೆಟ್ಟಕ್ಕೆ ಎರಡನೇ ರೇಡಾರ್ ಬಂತು. ಅದರ ಹಿಂದೆಯೇ ಆ ಕಡೆಯವರು ಹನ್ನೊಂದು ಕ್ಷಿಪಣಿ ವಾಹನಗಳನ್ನು ಶೆಡ್ಡುಗಳ ಬಾಗಿಲಿಗೆ ತಂದು ನಿಲ್ಲಿಸಿದರು. ಪೂರ್ತಿ ಹೊರಗೂ ಇಲ್ಲ, ಒಳಗೂ ಇಲ್ಲ. ಒಂಬತ್ತು ದಿನ ಹಾಗೇ ನಿಂತಿದ್ದವು. ನಮ್ಮ ಕಟ್ಟಡದಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಲಿಫ್ಟಿನಲ್ಲಿ ಒಬ್ಬರ ಬೂಟನ್ನು ಒಬ್ಬರು ನೋಡುತ್ತ ನಿಲ್ಲುತ್ತಿದ್ದೆವು. ನೀನು ತಿಂಗಳ ಕೊನೆಯವರೆಗೂ ತರಬೇತಿ ಕೇಂದ್ರದಲ್ಲಿ ಇರುತ್ತೇನೆ ಅಂದಿದ್ದೆ. ಆ ಒಂದು ವಿಷಯದಲ್ಲಿ ನಾನು ನಿಶ್ಚಿಂತೆಯಾಗಿದ್ದೆ.

ಹತ್ತನೇ ದಿನ ಮಧ್ಯಾಹ್ನ ಹನ್ನೆರಡು ನಲವತ್ತೆಂಟಕ್ಕೆ ಯಂತ್ರ ಸದ್ದು ಮಾಡಿತು. ನಾಲ್ಕು ಸಾಲು. ನಿಮ್ಮ ಬೆಟ್ಟದ ಮೇಲೆ ನಡೆಯುತ್ತಿರುವುದನ್ನು ಗಮನಿಸಿದ್ದೇವೆ ಅಂತ ಮೊದಲನೆಯದು. ಅದು ರಕ್ಷಣೆಗೆ ಮಾತ್ರ ಅನ್ನುವ ನಿಮ್ಮ ಮಾತನ್ನು ಪರೀಕ್ಷಿಸಲು ನಮಗೆ ದಾರಿ ಕೊಟ್ಟಿಲ್ಲ ಅಂತ ಎರಡನೆಯದು. ಮೊದಲ ಹೆಜ್ಜೆ ನಾವೇ ಇಡಲಿದ್ದೇವೆ ಅಂತ ಮೂರನೆಯದು. ನಾಲ್ಕನೆಯದು ಹೀಗಿತ್ತು: ಇಂದು ಮಧ್ಯಾಹ್ನ ಎರಡು ಗಂಟೆಗೆ ಶೆಡ್ಡುಗಳ ಬಾಗಿಲಲ್ಲಿರುವುದನ್ನು ತೆಗೆಯುತ್ತೇವೆ ಆಗ ನಿಮ್ಮ ಬೆಟ್ಟದ ಮೇಲಿನದು ಅಲುಗಬಾರದು.

ತೆಗೆಯುತ್ತೇವೆ. ಅಲ್ಲೇ ಸಿಕ್ಕಿಹಾಕಿಕೊಂಡೆವು. ನಮ್ಮಲ್ಲಿ ಚಪ್ಪಲಿ ತೆಗೆ ಅಂದರೆ ಬಿಡು ಅಂತ. ಕತ್ತಿ ತೆಗೆ ಅಂದರೆ ಹಿಡಿ ಅಂತ. ಅವರ ಭಾಷೆಯಲ್ಲೂ ಅಂಥದ್ದೇ ಒಂದು ಪದ. ಬಾಗಿಲಲ್ಲಿರುವುದನ್ನು ತೆಗೆದು ಒಳಗಿಡುತ್ತೀರೋ, ತೆಗೆದು ಬಯಲಿಗೆ ತರುತ್ತೀರೋ? ಮೊದಲ ಹೆಜ್ಜೆ ಅಂದರೆ ಹಿಂದಕ್ಕೋ ಮುಂದಕ್ಕೋ? ಅಲುಗಬಾರದು ಅಂದದ್ದು ಕೋರಿಕೆಯೋ, ಬೆದರಿಕೆಯೋ?

ಪಂಡಿತರು ಒಂದೇ ಸಲ ಓದಿ, ಹೊರಕ್ಕೆ ತೆಗೆಯುತ್ತೇವೆ ಅಂತ ಬರೆದರು. ನಾನು ಅವರ ಹಾಳೆಯ ಮೇಲೆ ಕೈಯಿಟ್ಟೆ. ಹೊರಕ್ಕೆ ಅನ್ನುವ ಪದ ಮೂಲದಲ್ಲಿಲ್ಲ ಅಂದೆ. ಒಳಕ್ಕೆ ಅಂತಲೂ ಇಲ್ಲವಲ್ಲ ಅಂದರು. ಸೇನೆಯವರು ಬರೆಯುವಾಗ ಆ ಪದವನ್ನು ಯಾವಾಗಲೂ ಆಯುಧ ಹಿಡಿಯುವುದಕ್ಕೇ ಬಳಸುತ್ತಾರೆ ಅಂತ ಪುಟದ ಸಂಖ್ಯೆ ಸಮೇತ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಆ ಕಡೆಯ ನನ್ನ ಅಜ್ಜಿ ಮನೆಯಲ್ಲಿ, ಒಣಗಿದ ಬಟ್ಟೆಯನ್ನು ಒಳಗೆ ತರುವುದಕ್ಕೂ ಅದೇ ಪದ.

ಇಬ್ಬರೂ ನಿರ್ದೇಶಕರ ಕೋಣೆಗೆ ಹೋದೆವು. ಅಲ್ಲಿ ಆಗಲೇ ಕ್ಷಿಪಣಿ ರಕ್ಷಣೆಯ ಕರ್ನಲ್ ಬಂದು ನಿಂತಿದ್ದರು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಎರಡು ನಿಮಿಷ. ನಾನು ಎರಡೂ ಅರ್ಥ ಬರೆದು ಮುಂದಿಟ್ಟೆ.

ಕರ್ನಲ್ ಓದಿ, "ಯಾವುದು ಸರಿ?" ಅಂದರು.

"ಎರಡೂ ಆಗಬಹುದು ಸರ್."

"ಎರಡೂ ಇಟ್ಕೊಂಡು ನಾನು ಮೇಲೆ ಹೋಗೋಕಾಗಲ್ಲಮ್ಮ. ಎರಡು ಗಂಟೆಗೆ ಆ ಗಾಡಿಗಳು ಅಲುಗಾಡಿದರೆ, ಒಳಗೆ ಹೋಗ್ತಿವೆಯೋ ಹೊರಗೆ ಬರ್ತಿವೆಯೋ ಅಂತ ಮೊದಲ ನಾಲ್ಕೈದು ನಿಮಿಷ ಯಾವ ರೇಡಾರೂ ಹೇಳಲ್ಲ. ಅಷ್ಟರಲ್ಲಿ ನಾನು ತಯಾರಿರಬೇಕು."

ತಯಾರಿರುವುದು ಅಂದರೆ ಏನು ಅಂತ ನನಗೆ ಗೊತ್ತಿತ್ತು. ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಎರಡೂ ರೇಡಾರ್ ಪೂರ್ತಿ ಶಕ್ತಿಗೆ ಹೋಗಬೇಕು, ಕೊಳವೆಗಳು ಮೇಲಕ್ಕೇಳಬೇಕು. ಅದು ಆದ ಕ್ಷಣ ಅದನ್ನು ದಾಳಿಯ ಮುನ್ನುಡಿ ಅಂತ ತಿಳಿಯುತ್ತೇವೆ ಅಂತ ಆ ಕಡೆಯವರು ಎರಡು ಸಲ ಬರೆದು ಕಳಿಸಿದ್ದರು. ನಾನೇ ಅನುವಾದಿಸಿದ್ದೆ. ಅವರು ಒಳಗಿಡಲು ಗಾಡಿ ಅಲುಗಾಡಿಸುತ್ತಾರೆ, ನಮ್ಮವರು ಹೆದರಿ ಕೊಳವೆ ಎತ್ತುತ್ತಾರೆ, ಅದನ್ನು ನೋಡಿ ಅವರು ಗಾಡಿ ನಮ್ಮ ಕಡೆ ತಿರುಗಿಸುತ್ತಾರೆ.

ಅವರನ್ನೇ ಕೇಳಿಬಿಡೋಣ ಸರ್, ಒಂದೇ ಪ್ರಶ್ನೆ ಅಂದೆ. ಪ್ರಶ್ನೆ ಕಳಿಸಬೇಕಾದರೆ ಮಂತ್ರಿಗಳ ಒಪ್ಪಿಗೆ ಬೇಕು, ಅವರು ವಿಮಾನದಲ್ಲಿದ್ದಾರೆ, ಇಳಿಯುವುದು ಎರಡೂವರೆಗೆ ಅಂದರು ನಿರ್ದೇಶಕರು. ಆಮೇಲೆ ನನ್ನ ಕಡೆ ನೋಡದೆ, ಸಂಶಯ ಇದ್ದಾಗ ಕೆಟ್ಟ ಅರ್ಥವನ್ನೇ ಹಿಡಿಯಬೇಕು, ಅದೇ ಕ್ರಮ, ಪಂಡಿತರ ಅನುವಾದ ಮೇಲೆ ಹೋಗಲಿ ಅಂದರು. ಅದನ್ನು ಅಚ್ಚುಕಟ್ಟಾಗಿ ಟೈಪು ಮಾಡಿ ತರಲು ನಮಗೆ ಹದಿನೈದು ನಿಮಿಷ ಕೊಟ್ಟರು.

ಕೋಣೆಗೆ ವಾಪಸು ಬಂದೆವು. ಪಂಡಿತರು ಟೈಪು ಮಾಡಲು ಕೂತರು. ನಾನು ಪರದೆಯ ಮೇಲಿನ ಸಾಲುಗಳನ್ನು ಇನ್ನೊಮ್ಮೆ ಓದಿದೆ. ಆಗ ಕಂಡಿತು: ನಾಲ್ಕು ಸಾಲಿನಲ್ಲಿ ಒಂದೂ ಅಲ್ಪವಿರಾಮ ಇಲ್ಲ. ಇದನ್ನು ಬರೆದದ್ದು ಅವಳಲ್ಲ. ಯಾರೋ ಅಧಿಕಾರಿ ಅವಸರದಲ್ಲಿ ತಾನೇ ಬಡಿದು ಕಳಿಸಿದ್ದಾನೆ. ಆದರೆ ಅವತ್ತು ಮಂಗಳವಾರ, ಅವಳ ಸರದಿ ಇರುವ ದಿನ. ಅವಳು ಆ ಕೋಣೆಯಲ್ಲೇ ಇರಬೇಕು.

ನಮಗೆ ಪ್ರಶ್ನೆ ಕೇಳುವ ಅಧಿಕಾರ ಇಲ್ಲ. ಒಂದೇ ಒಂದು ಅಧಿಕಾರ ಇದೆ. ಸಂಪರ್ಕದಲ್ಲಿ ಅಡಚಣೆಯಾಗಿ ಅಕ್ಷರ ಕೆಟ್ಟು ಬಂದರೆ, ಇಂಥ ಸಾಲು ಕೆಟ್ಟಿದೆ, ಮತ್ತೆ ಕಳಿಸಿ ಅಂತ ಕೇಳಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ನಾಲ್ಕನೇ ಸಾಲಿನ ಒಂದು ಅಕ್ಷರವೂ ಕೆಟ್ಟಿರಲಿಲ್ಲ. ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು.

ಒಂದು ಹದಿಮೂರಕ್ಕೆ ನಾನು ಕೇಳಿದೆ. ದಾಖಲೆ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ: ಸಾಲು ನಾಲ್ಕು, ಅಕ್ಷರ ಕೆಟ್ಟಿದೆ, ಮತ್ತೆ ಕಳಿಸಲು ಕೋರಲಾಗಿದೆ. ಸಹಿ ಹಾಕಿದೆ. ಪಂಡಿತರ ಟೈಪಿನ ಸದ್ದು ನಿಂತಿತು. ಅವರು ನನ್ನ ಪರದೆ ನೋಡಿದರು, ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಮತ್ತೆ ಟೈಪು ಮಾಡತೊಡಗಿದರು, ಆದರೆ ಬಹಳ ನಿಧಾನವಾಗಿ, ಒಂದು ಬೆರಳಿನಲ್ಲಿ.

ಹದಿಮೂರು ನಿಮಿಷ, ಮೊಂಡಿ. ನಿನ್ನನ್ನು ಹೆರುವಾಗಲೂ ನಾನು ಗಡಿಯಾರವನ್ನು ಅಷ್ಟು ನೋಡಿರಲಿಲ್ಲ. ಒಂದು ಇಪ್ಪತ್ತಕ್ಕೆ ನಿರ್ದೇಶಕರು ಬಾಗಿಲಿಗೆ ಬಂದು, ಆಯ್ತಾ ಅಂದರು. ಮತ್ತೆ ಕಳಿಸಲು ಕೇಳಿದ್ದೇವೆ ಸರ್, ಅಕ್ಷರ ಕೆಟ್ಟಿತ್ತು ಅಂದೆ. ಆಗಲೇ ಓದಿ ಹೇಳಿದಿರಲ್ಲ ಅಂದರು. ಊಹೆಯ ಮೇಲೆ ಓದಿದ್ದು ಸರ್ ಅಂದೆ. ಅವರು ಬೈದರು, ಏನು ಬೈದರು ಅಂತ ನೆನಪಿಲ್ಲ. ಹೋಗಿ ಕರ್ನಲ್‌ಗೆ ಐದು ನಿಮಿಷ ತಾಳಿ ಅಂದರಂತೆ. ಕರ್ನಲ್ ಅಷ್ಟರಲ್ಲಿ ಬೆಟ್ಟಕ್ಕೆ ಮೊದಲ ಎಚ್ಚರಿಕೆ ಕೊಟ್ಟಾಗಿತ್ತು.

ಒಂದು ಇಪ್ಪತ್ತಾರಕ್ಕೆ ನಾಲ್ಕನೇ ಸಾಲು ಮತ್ತೆ ಬಂತು. "ಇಂದು, ಮಧ್ಯಾಹ್ನ ಎರಡು ಗಂಟೆಗೆ, ಶೆಡ್ಡುಗಳ ಬಾಗಿಲಲ್ಲಿರುವುದನ್ನು, ಒಳಕ್ಕೆ ತೆಗೆಯುತ್ತೇವೆ, ಆಗ, ನಿಮ್ಮ ಬೆಟ್ಟದ ಮೇಲಿನದು, ಅಲುಗಬಾರದು."

ಮತ್ತೆ ಕಳಿಸುವಾಗ ಒಂದು ಚುಕ್ಕೆಯೂ ಬದಲಾಗಬಾರದು ಅನ್ನುವುದು ಎರಡು ಕಡೆಯ ನಿಯಮ. ಅವಳು ಒಂದು ಪದ ಸೇರಿಸಿದ್ದಳು. ನಾನು ಯಾಕೆ ಕೇಳುತ್ತಿದ್ದೇನೆ ಅಂತ ಅವಳಿಗೆ ಹೇಗೆ ಗೊತ್ತಾಯಿತೋ. ಬಹುಶಃ ಅವಳೂ ಆ ಪದವನ್ನು ನೋಡಿ, ಇದು ಸರಿಯಿಲ್ಲ ಅಂತ ಅಧಿಕಾರಿಗೆ ಹೇಳಿ, ಬೈಸಿಕೊಂಡು ಕೂತಿದ್ದಳೇನೋ. ನಾನು ಆ ಹಾಳೆ ಹಿಡಿದು ಕಾರಿಡಾರಿನಲ್ಲಿ ಓಡಿದೆ. ಐವತ್ತೆಂಟು ವರ್ಷದ ಹೆಂಗಸು, ಒಂದು ಚಪ್ಪಲಿ ಹಿಂದೆಯೇ ಉಳಿಯಿತು. ಕರ್ನಲ್ ಓದಿದರು, ಕುರ್ಚಿಯಲ್ಲಿ ಕೂತರು, ಫೋನ್ ಎತ್ತಿ, ಯಾವುದೂ ಅಲುಗಬಾರದು ಅಂದರು. ಎರಡು ಗಂಟೆಗೆ ಹನ್ನೊಂದು ಗಾಡಿಗಳು ಅಲುಗಿದವು. ಎರಡು ಆರಕ್ಕೆ ಹನ್ನೊಂದೂ ಒಳಗೆ ಹೋದವು ಅಂತ ವರದಿ ಬಂತು. ಕರ್ನಲ್ ನನಗೆ ಕುಡಿಯಲು ನೀರು ಕೊಟ್ಟರು. ನಾನು ಹೊರಗೆ ಬಂದು ಚಪ್ಪಲಿ ಹುಡುಕಿಕೊಂಡೆ.

ಆಮೇಲಿನ ಎರಡು ವಾರ ಬೆಳಿಗ್ಗೆಯ ಪುಟಗಳಲ್ಲಿ ಅಲ್ಪವಿರಾಮ ಇರಲಿಲ್ಲ. ಬೇರೆ ಯಾರದೋ ಕೈ. ಅವಳಿಗೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಬಡ್ತಿ ಸಿಕ್ಕಿ ಹೋಗಿರಬಹುದು. ನನಗೆ ನಾನೇ ಹಾಗೆ ಹೇಳಿಕೊಳ್ಳುತ್ತೇನೆ.

ಮೂರನೇ ವಾರ ನನ್ನನ್ನು ಕರೆದರು. ಸಂಪರ್ಕದ ತಂತ್ರಜ್ಞರು ಪರೀಕ್ಷೆ ಮಾಡಿದ್ದರು. ಆ ದಿನ ಅಡಚಣೆಯೇ ಇರಲಿಲ್ಲ. ಪಂಡಿತರನ್ನು ಕೇಳಿದಾಗ ಅವರು ಕಂಡದ್ದನ್ನು ಕಂಡ ಹಾಗೆ ಹೇಳಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಬೆರಳಿನಲ್ಲಿ ಟೈಪು ಮಾಡಿದ್ದನ್ನು ಅವರೂ ಹೇಳಲಿಲ್ಲ, ನಾನೂ ಇಲ್ಲಿಯವರೆಗೆ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದ ಆಮೆ, ಛತ್ರಿ, ಉಣ್ಣೆಬಟ್ಟೆ ಎಲ್ಲ ತೆಗೆದು, ಇದರಲ್ಲಿ ಏನು ಸಂಕೇತ ಇದೆ ಅಂತ ಇಬ್ಬರು ತಜ್ಞರು ಆರು ದಿನ ಓದಿದರಂತೆ. ನಿಮ್ಮ ತಾಯಿ ಆ ಕಡೆಯವರಲ್ಲವೇ ಅಂತ ಮೂರು ಸಲ ಬೇರೆ ಬೇರೆಯಾಗಿ ಕೇಳಿದರು.

ವಿಚಾರಣಾಧಿಕಾರಿ ಮೃದುವಾದ ಮನುಷ್ಯ. ಕೊನೆಯ ದಿನ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ನನ್ನ ಎದುರು ಕೂತರು. ಬೇಕೆಂದೇ ಸುಳ್ಳು ದಾಖಲೆ ಬರೆದದ್ದು ಅಂತಾದರೆ ಮೊಕದ್ದಮೆ, ಏಳು ವರ್ಷ ಆಗಬಹುದು ಅಂದರು. ಆಮೇಲೆ, "ನಿಮ್ಮ ಮಗಳು ಆ ದಿನ ಬೆಟ್ಟದ ಮೇಲಿದ್ದಳು ಅಲ್ವಾ ಅಮ್ಮಾ?" ಅಂದರು.

ಆಗ ನನಗೆ ಗೊತ್ತಾದದ್ದು. ನೀನು ತರಬೇತಿ ಬೇಗ ಮುಗಿಸಿ ಎರಡು ದಿನ ಮೊದಲೇ ವಾಪಸು ಹೋಗಿದ್ದೆ. ಅವರು ಬೆಟ್ಟದ ಹಾಜರಿ ಪಟ್ಟಿ ತೋರಿಸಿದರು, ನಿನ್ನ ಸಹಿ, ಆ ಬಾಲ ಎಳೆದ ಕೊನೆಯ ಅಕ್ಷರ. ನಾನು ಮೇಜು ಹಿಡಿದುಕೊಂಡೆ. ಅವರು ಅದನ್ನು ಬೇರೆ ರೀತಿ ತಿಳಿದರು.

"ತಾಯಿ ಕರುಳು. ಭಯದಲ್ಲಿ ಕೈ ತಪ್ಪಿತು, ಏನು ಬರೀತಿದ್ದೀನಿ ಅಂತ ತಿಳೀಲಿಲ್ಲ ಅಂತ ಬರೆದುಕೊಡಿ. ಯಾರಿಗೂ ಇದು ಕೋರ್ಟಿಗೆ ಹೋಗೋದು ಬೇಡ. ನಿವೃತ್ತಿ ತಗೊಂಡು ಮನೆಗೆ ಹೋಗಿ."

ಬರೆದುಕೊಟ್ಟೆ. ಎಂಟು ಸಾಲು. ನನ್ನ ಮಗಳು ಬೆಟ್ಟದ ಮೇಲಿದ್ದಾಳೆ ಅನ್ನುವ ಭಯದಿಂದ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅಂತ.

ಇದೇ ನಿನ್ನ ಪ್ರಶ್ನೆಗೆ ಉತ್ತರ. ನಿನ್ನ ಹೆಸರು ಬರೆದದ್ದು ನನ್ನನ್ನು ಉಳಿಸಿಕೊಳ್ಳಲು. ಒಂದು ಹದಿಮೂರಕ್ಕೆ ಆ ಯಂತ್ರದ ಮುಂದೆ ಕೂತಿದ್ದಾಗ ನೀನು ನನ್ನ ತಲೆಯಲ್ಲೇ ಇರಲಿಲ್ಲ. ಇದನ್ನು ಒಬ್ಬ ತಾಯಿ ಮಗಳಿಗೆ ಬರೆಯುವುದು ಸುಲಭವಲ್ಲ, ಆದರೆ ಅದು ನಿಜ. ಕೈ ನಡುಗಲಿಲ್ಲ, ಬುದ್ಧಿ ಕೆಡಲಿಲ್ಲ. ನನ್ನ ಇಡೀ ಜನ್ಮದಲ್ಲಿ ಅಷ್ಟು ತಿಳಿಯಾಗಿ ನಾನು ಯಾವತ್ತೂ ಯೋಚಿಸಿರಲಿಲ್ಲ. ಒಂದು ಪದದ ಅರ್ಥ ಗೊತ್ತಿಲ್ಲ, ಕೇಳಿ ತಿಳಿಯಬೇಕು, ಅಷ್ಟೇ. ಆ ಕೆಲಸವನ್ನು ನಾನು ಚೆನ್ನಾಗಿ ಮಾಡಿದೆ. ಆಮೇಲೆ ಅದನ್ನು ಅಳುಬುರುಕಿಯ ಕೆಲಸ ಅಂತ ಬರೆದು ಸಹಿ ಮಾಡಿದೆ, ನಿನ್ನನ್ನು ಸಾಕ್ಷಿಗೆ ನಿಲ್ಲಿಸಿ.

ನಿನಗೆ ಏನಾಗುತ್ತದೆ ಅಂತ ಆಗ ಯೋಚಿಸಲಿಲ್ಲ. ಒಬ್ಬಳ ಕಾರಣಕ್ಕೆ ಮನೆಯವರು ಗಡಿಯಾಚೆಯ ಸಂಪರ್ಕದಲ್ಲಿ ಕೈಯಾಡಿಸಿದ್ದಾರೆ ಅಂದಮೇಲೆ ಅವಳನ್ನು ರೇಡಾರ್ ಹತ್ತಿರ ಇಡುವುದಿಲ್ಲ. ನಿನಗೆ 'ಕುಟುಂಬದ ಕಾರಣ' ಅಂತ ಒಂದು ಸಾಲಿನ ಆದೇಶ ಕೊಟ್ಟು ಕೆಳಗೆ ಉಗ್ರಾಣಕ್ಕೆ ಹಾಕಿದರು. ಆರು ವರ್ಷ ಓದಿ ಕಲಿತವಳನ್ನು ಬೋಲ್ಟು ನಟ್ಟು ಎಣಿಸಲು ಕೂರಿಸಿದರು. ನೀನು ಫೋನ್ ಮಾಡಿ, "ಅಮ್ಮ, ಯಾವ ಕುಟುಂಬ, ಯಾವ ಕಾರಣ? ನಿನಗೇನಾದ್ರೂ ಗೊತ್ತಾ?" ಅಂತ ಕೇಳಿದೆ. ನನಗೇನು ಗೊತ್ತು ಮಗಳೇ ಅಂದೆ. ಜೈಲಿನ ಭಯ, ಮೊಂಡಿ. ಈ ವಯಸ್ಸಿನಲ್ಲಿ ಏಳು ವರ್ಷ. ಏಳು ತಿಂಗಳು ನನ್ನ ಬಾಯಿ ಕಟ್ಟಿದ್ದು ಅದು.

ಹೇಳಿಕೆ ವಾಪಸು ತೆಗೆದುಕೊಳ್ಳಬಹುದೇ ಅಂತ ಬುಧವಾರ ಒಬ್ಬ ವಕೀಲರನ್ನು ಕೇಳಿದೆ. ತೆಗೆದುಕೊಳ್ಳಬಹುದು, ಆದರೆ ತಲೆ ಸರಿ ಇರುವವರು ಯಾರೂ ತೆಗೆದುಕೊಳ್ಳುವುದಿಲ್ಲ ಅಂದರು. ನನ್ನ ತಲೆ ಸರಿ ಇರಲಿಲ್ಲ ಅಂತ ನಾನೇ ಬರೆದುಕೊಟ್ಟಿದ್ದೇನಲ್ಲ ಅಂದೆ. ಅವರಿಗೆ ನಗು ಬರಲಿಲ್ಲ.

ಈ ಕಾಗದವನ್ನು ನಿನಗಿಂತ ಮೊದಲು ಬೇರೆ ಯಾರಾದರೂ ತೆರೆದು ಓದುತ್ತಾರೆ ಅಂತ ಗೊತ್ತು. ಓದಲಿ. ಇದರಲ್ಲಿ ಇರುವುದೆಲ್ಲ ಅವರ ಫೈಲಿನಲ್ಲಿ ಇರಬೇಕಾದದ್ದೇ. ಮತ್ತೆ ಅಂಟಿಸುವಾಗ ಸ್ವಲ್ಪ ನೀಟಾಗಿ ಅಂಟಿಸಿ ಅಂತ ಅವರಲ್ಲಿ ಕೇಳಿಕೊಳ್ಳುತ್ತೇನೆ.

ನೀನು ನನ್ನನ್ನು ಕ್ಷಮಿಸು ಅಂತ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಈ ಹಾಳೆ ಮೂರನೆಯದು. ಅದನ್ನು ನಾನು ಕೇಳುವುದಿಲ್ಲ. ಆದದ್ದು ಏನು ಅಂತ ನಿನಗೆ ಗೊತ್ತಿರಲಿ. ನಿನ್ನ ಕೆಲಸ ನೀನು ಕೆಡಿಸಿಕೊಂಡದ್ದಲ್ಲ, ನಿನ್ನ ಅಮ್ಮ ಕೆಡಿಸಿದ್ದು. ಯಾರಾದರೂ ಕೇಳಿದರೆ ಹಾಗೇ ಹೇಳು.

ಉಗ್ರಾಣದಲ್ಲಿ ಧೂಳು ಇರುತ್ತದೆ, ನಿನಗೆ ಕೆಮ್ಮು ಬೇಗ ಹಿಡಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೋ. ಮಧ್ಯಾಹ್ನ ಬರೀ ಚಹಾ ಕುಡಿದು ಇರಬೇಡ.

ಇಂತಿ, ನಿನ್ನ ಮೇಲೆ ಯಾವ ಹಕ್ಕೂ ಉಳಿಸಿಕೊಳ್ಳದಿದ್ದರೂ
ನಿನ್ನ ಅಮ್ಮ

ಮ.ವಿ.: ಸೋಮವಾರ, ಮಧ್ಯಾಹ್ನ ಹನ್ನೆರಡು.

ಈ ಕಾಗದ ಎರಡು ದಿನ ಮೇಜಿನ ಮೇಲೇ ಇತ್ತು. ಜೈಲಿನ ಭಯ ಅಂತ ಬರೆದಿದ್ದೇನಲ್ಲ, ಅದನ್ನು ಮತ್ತೆ ಓದಿದೆ. ಅದು ಅರ್ಧ ನಿಜ. ಉಳಿದರ್ಧ ಇದು: ನಿನ್ನನ್ನು ಉಗ್ರಾಣಕ್ಕೆ ಹಾಕಿದರು ಅಂತ ನೀನು ಫೋನಿನಲ್ಲಿ ಅಳುತ್ತಿದ್ದಾಗ ನನಗೆ ಸಮಾಧಾನವಾಯಿತು. ಯಾರು ಯಾರನ್ನು ಮೊದಲು ಹೊಡೆದರೂ ಮೊದಲು ಬೀಳುವುದು ಆ ಬೆಟ್ಟದ ಮೇಲೆ. ನೀನು ಅಲ್ಲಿಲ್ಲ. ಏಳು ತಿಂಗಳು ನಾನು ಆ ಸಮಾಧಾನದಲ್ಲಿ ಉಂಡೆ, ಮಲಗಿದೆ. ನೀನು ಆ ಉಗ್ರಾಣವನ್ನು ಎಷ್ಟು ದ್ವೇಷಿಸಿದರೂ ಕೆಳಗೇ ಇರು ಅಂದುಕೊಂಡೆ.

ಇವತ್ತು ಹತ್ತೂವರೆಗೆ ವಿಚಾರಣಾಧಿಕಾರಿಯ ಕಚೇರಿಗೆ ಹೋಗಿ, ಹಳೆಯ ಹೇಳಿಕೆ ಸುಳ್ಳು, ಮಗಳಿಗೂ ಇದಕ್ಕೂ ಸಂಬಂಧ ಇಲ್ಲ, ಬೇಕೆಂದೇ ಮಾಡಿದೆ ಅಂತ ಬರೆದುಕೊಟ್ಟು ಮೊಹರು ಹಾಕಿಸಿಕೊಂಡು ಬಂದೆ. ನಕಲು ಇದರ ಜೊತೆ ಇಟ್ಟಿದ್ದೇನೆ. ನಿನ್ನನ್ನು ಕೇಳಿ ಮಾಡಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಖುಷಿಯಿಂದ ಒಪ್ಪಿಬಿಡುತ್ತಿದ್ದೆ. ಗುರುವಾರ ಬರಲು ಹೇಳಿದ್ದಾರೆ, ಚಿಕ್ಕ ಚೀಲ ಒಂದು ತಯಾರು ಮಾಡಿಟ್ಟಿದ್ದೇನೆ. ನಿನ್ನನ್ನು ಮತ್ತೆ ಬೆಟ್ಟಕ್ಕೆ ಕರೆಯುತ್ತಾರೆ. ಹೋಗಬೇಡ ಅನ್ನುವ ಮಾತು ಬಾಯಿಯವರೆಗೆ ಬಂದಿದೆ, ಇಲ್ಲಿ ಬರೆಯುವುದಿಲ್ಲ. ಮನೆಯ ಇನ್ನೊಂದು ಬೀಗದ ಕೈ ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಕೊಟ್ಟಿದ್ದೇನೆ.